ನನ್ನ ಎಡಗಣ್ಣು, ಅತ್ತೆಯ ಹೆಸರು

ಪುಣೆಯ ಧನಕವಡಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಅತ್ತೆಯ ಹೆಸರು ಕೆಟ್ಟದ್ದು ನನ್ನ ಎಡಗಣ್ಣಿನಿಂದ. ಅತ್ತೆ ಏನೂ ಮಾಡಿರಲಿಲ್ಲ, ನಾನೂ ಯಾರ ಮುಂದೂ ಏನೂ ಹೇಳಿರಲಿಲ್ಲ. ಕಣ್ಣು ತನ್ನ ಪಾಡಿಗೆ ತಾನು ಸೋರುತ್ತಿತ್ತು. ನೋಡಿದವರು ತಮ್ಮ ಪಾಡಿಗೆ ತಾವು ಅರ್ಥ ಮಾಡಿಕೊಳ್ಳುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ವಿಜಾಪುರದ ಕಡೆಯಿಂದ ಬಂದು ಪುಣೆಯಲ್ಲಿ ನೆಲೆ ನಿಂತವರು. ನಮ್ಮ ಮನೆಯವರು ತಳೇಗಾಂವದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ನಸುಕಿನಲ್ಲಿ ಕಂಪನಿ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಇಳಿಯುತ್ತಿದ್ದರು. ಮನೆಯಲ್ಲಿ ನಡೆದದ್ದೆಲ್ಲ ಅವರಿಗೆ ಊಟದ ತಾಟಿನ ಮುಂದೆ ಎರಡು ಕಡೆಯ ಸುದ್ದಿಯಾಗಿ ತಲುಪುತ್ತಿತ್ತು. ಎರಡಕ್ಕೂ ಅವರು ಒಂದೇ "ಹೂಂ" ಹಾಕುತ್ತಿದ್ದರು. ಆದ್ದರಿಂದ ಈ ಪ್ರಸಂಗದಲ್ಲಿ ಅವರ ಪಾಲು ಕಡಿಮೆ. ನಾನು ಮನೆಯ ಹತ್ತಿರದ ಕಾಲೇಜಿನ ಆಫೀಸಿನಲ್ಲಿ ಕ್ಲಾರ್ಕ್ ಆಗಿದ್ದೆ. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗೇ ಇದ್ದರು.

ನಮ್ಮಿಬ್ಬರಲ್ಲಿ ಜಗಳವೇ ಇರಲಿಲ್ಲ ಎಂದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. ಇತ್ತು, ಧಾರಾಳವಾಗಿ ಇತ್ತು. ನಾನು ಬಡಿಯುವ ಜೋಳದ ರೊಟ್ಟಿ ಅವರಿಗೆ ದಪ್ಪ, ಅವರು ಹಚ್ಚುವ ರೇಡಿಯೊ ನನಗೆ ಜೋರು. ಬಾಲ್ಕನಿಯ ಹಗ್ಗದ ಮೇಲೆ ಬಿಸಿಲು ಬೀಳುವ ತುದಿ ಯಾರ ಸೀರೆಗೆ ಎಂಬ ತಕರಾರು ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲಕ್ಕೆ ಹಾಗೇ ಮುಂದುವರಿಯುತ್ತಿತ್ತು. ಆದರೆ ಜಗಳದಲ್ಲಿ ಅಳುವ ಪೈಕಿ ನಾನಲ್ಲ, ಮಾತಿಗೆ ಮಾತು ಕೊಡುವವಳು. ಅತ್ತೆಯೂ ಅಷ್ಟೇ. ಅವರ ಕಾರಣಕ್ಕೆ ನನ್ನ ಕಣ್ಣಿಂದ ಒಂದು ಹನಿಯೂ ಬಿದ್ದದ್ದಿಲ್ಲ ಎಂದು ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಆಗಲೂ ಹೇಳಿದ್ದೆ. ಯಾರೂ ನಂಬಲಿಲ್ಲ.

ಮೊದಲು ಚಳಿಗಾಲದ ಗಾಳಿಗೆ ಮಾತ್ರ ನೀರು ಬರುತ್ತಿತ್ತು. ಆಮೇಲೆ ಗಾಳಿಯ ಹಂಗಿಲ್ಲದೆ ಬರತೊಡಗಿತು. ಬೆಳಿಗ್ಗೆ ಏಳುವಾಗ ರೆಪ್ಪೆ ಅಂಟಿಕೊಂಡಿರುತ್ತಿತ್ತು, ದಿನವಿಡೀ ಸೆರಗಿನ ತುದಿ ಒದ್ದೆ. ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತ ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಒಳಗಿನಿಂದ ಅತ್ತೆಯ ದನಿ ಬರುತ್ತಿತ್ತು. ಅವರ ದನಿ ಹುಟ್ಟಾ ದೊಡ್ಡದು. "ಕೊತ್ತಂಬರಿ ಎಲ್ಲಿಟ್ಟೀ?" ಎಂದು ಅವರು ಕೇಳಿದರೆ ಕನ್ನಡ ಬಾರದವರಿಗೆ ಅದು ಕೊತ್ತಂಬರಿ ಎಂದು ಹೇಗೆ ಗೊತ್ತಾಗಬೇಕು? ಸೊಸೈಟಿಯಲ್ಲಿ ಉಳಿದವರೆಲ್ಲ ಮರಾಠಿಯವರು. ಒಳಗಿನಿಂದ ಗುಡುಗು, ಹೊರಗೆ ಕಣ್ಣೀರು. ಅಷ್ಟು ಸಾಕಾಯಿತು.

ಆಫೀಸಿನಲ್ಲೂ ಇದೇ ಪಾಡು. ಹಾಜರಿ ಕಡಿಮೆಯಾಗಿ ಹಾಲ್ ಟಿಕೆಟ್ ತಡೆಹಿಡಿದಿದ್ದ ಹುಡುಗಿಯೊಬ್ಬಳು ನನ್ನ ಕಿಟಕಿಗೆ ಬಂದು ಗೋಗರೆಯಲು ಬಾಯಿ ತೆರೆದಳು, ನನ್ನ ಮುಖ ನೋಡಿದಳು, "ಮ್ಯಾಡಮ್, ಇರಲಿ ಬಿಡಿ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದು ನನ್ನನ್ನೇ ಸಮಾಧಾನ ಮಾಡಿ ಹೋದಳು. ನಮ್ಮ ಹೆಡ್ ಕ್ಲಾರ್ಕ್ ಕಠಿಣ ಕೆಲಸಗಳನ್ನೆಲ್ಲ ನನ್ನ ಕಿಟಕಿಗೇ ತಿರುಗಿಸತೊಡಗಿದರು. ಕಾಲೇಜಿಗೆ ನನ್ನ ಕಣ್ಣಿನಿಂದ ಲಾಭವೇ ಆಯಿತು.

ನಷ್ಟವಾದದ್ದು ಅತ್ತೆಗೆ. ಕೆಳಗಿನ ಮನೆಯಲ್ಲಿ ಗುರುವಾರ ಗುರುವಾರ ಹೆಂಗಸರ ಭಜನೆ ಇರುತ್ತಿತ್ತು. ಪುಣೆಯಂಥ ಪರಭಾಷೆಯ ಊರಿನಲ್ಲಿ ಅತ್ತೆಗೆ ಇದ್ದ ಒಂದೇ ಜನಸಂಪರ್ಕ ಅದು. ಅವರ ಮರಾಠಿ ಅರ್ಧ ದಾರಿ ಹೋಗಿ ವಿಜಾಪುರದ ಕಡೆ ಹೊರಳಿಬಿಡುತ್ತಿತ್ತು, ಆದರೆ ಅಭಂಗಗಳನ್ನು ಮಾತ್ರ ಒಂದಕ್ಷರ ತಪ್ಪದೆ ಹಾಡುತ್ತಿದ್ದರು. ತಾಳ ಹಿಡಿಯುವ ಕೆಲಸ ಅವರದಾಗಿತ್ತು. ಒಂದು ಗುರುವಾರ ಅವರು ಹೋದಾಗ ತಾಳ ಇನ್ನೊಬ್ಬರ ಕೈಯಲ್ಲಿತ್ತು. ಮುಂದಿನ ವಾರ, ಸೊಸೆಯರೂ ಒಂದು ತಾಯಿಯ ಮಕ್ಕಳೇ ಎಂದು ಯಾರೋ ಗೋಡೆ ನೋಡುತ್ತ ಹೇಳಿದರಂತೆ. ಅದರ ಮುಂದಿನ ವಾರದಿಂದ ಕರೆಯುವುದನ್ನೇ ಬಿಟ್ಟರು.

ಅತ್ತೆ ನೇರವಾಗಿ ಬಂದು ನನ್ನ ಮುಂದೆ ನಿಂತರು.

"ನಾ ಏನ್ ಮಾಡೀನಿ ನಿನಗ?"

"ಏನೂ ಮಾಡಿಲ್ರಿ ಅತ್ತಿಯವರ."

"ಹಂಗಂದ್ರ ಹೋಗಿ ಹೇಳಿ ಬಾ."

ಹೋದೆ. ಇದು ಕಣ್ಣಿನ ರೋಗ, ಅತ್ತೆಯದೇನೂ ಇಲ್ಲ ಎಂದು ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಎದುರು ಮನೆಯಾಕೆಗೆ ಹೇಳಿದೆ. ಆಕೆ ನನ್ನ ಕೈ ಹಿಡಿದು, ದನಿ ತಗ್ಗಿಸಿ, "ಹೀಗೆ ಹೇಳು ಅಂತ ಅವರೇ ಕಳಿಸಿದರಲ್ಲವೇ?" ಎಂದಳು. ಕಳಿಸಿದ್ದು ಅವರೇ. ನಿಂತ ನಿಲುವಿನಲ್ಲಿ ಎಡಗಣ್ಣು ಬೇರೆ ತನ್ನ ಸಾಕ್ಷಿ ನುಡಿಯಿತು. ಆಕೆ ತನ್ನ ಸೆರಗಿನಿಂದಲೇ ಅದನ್ನು ಒರೆಸಿ, ಒಂದು ಬಟ್ಟಲು ಶಿರಾ ಕೊಟ್ಟು ಕಳಿಸಿದಳು. ಅತ್ತೆ ಆ ಶಿರಾ ಮುಟ್ಟಲಿಲ್ಲ.

ಗುರುವಾರದ ಸಂಜೆ ಕೆಳಗೆ ತಾಳ ಶುರುವಾದರೆ ಅತ್ತೆ ರೇಡಿಯೊ ಬಂದ್ ಮಾಡಿ ಬಾಲ್ಕನಿಯ ಕುರ್ಚಿಯಲ್ಲಿ ಕೂಡುತ್ತಿದ್ದರು. ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿರುತ್ತಿತ್ತು. ಜಗಳವಾಡುವ ಮನುಷ್ಯರು ಸುಮ್ಮನೆ ಕೂತರೆ ಮನೆ ಮನೆಯಂತಿರುವುದಿಲ್ಲ.

ಆಮೇಲೆ ಅವರು ನನ್ನ ಕಣ್ಣಿನ ಬೆನ್ನು ಹತ್ತಿದರು. ನೆತ್ತಿಗೆ ಹರಳೆಣ್ಣೆ, ಕಣ್ಣಿಗೆ ನಂದಿಬಟ್ಟಲ ಹೂವಿನ ರಸ, ಯಾರೋ ಹೇಳಿದ ಪಥ್ಯ. ಊರಿನ ದೇವರಿಗೆ ಬೆಳ್ಳಿಯ ಕಣ್ಣಿನ ಹರಕೆ. ಜಗತ್ತಿನಲ್ಲಿ ಯಾವ ಅತ್ತೆಯೂ ಸೊಸೆಯ ಕಣ್ಣೀರು ನಿಲ್ಲಿಸಲು ಇಷ್ಟು ಒದ್ದಾಡಿರಲಿಕ್ಕಿಲ್ಲ. ಪ್ರತಿ ಮದ್ದಿಗೂ ಕಣ್ಣು ಇನ್ನಷ್ಟು ಕೆಂಪಾಗುತ್ತಿತ್ತು, ಸೊಸೈಟಿಯ ಹೆಂಗಸರು ಇನ್ನಷ್ಟು ಮರುಗುತ್ತಿದ್ದರು.

ಕೊನೆಗೆ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಅವರು ನನ್ನ ಕಣ್ಣಿನ ಒಳಮೂಲೆಯನ್ನು ಬೆರಳಿನಿಂದ ಒತ್ತಿದರು, ಕೀವು ಬಂತು. ರೆಪ್ಪೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ಒಂದು ತೂತು ಇರುತ್ತದಂತೆ, ಮೇಲೊಂದು, ಕೆಳಗೊಂದು. ಕಣ್ಣಿನ ನೀರು ಅಲ್ಲಿಂದ ಇಳಿದು, ಒಂದು ಸಣ್ಣ ಚೀಲ ದಾಟಿ, ನಳಿಗೆಯ ಮೂಲಕ ಮೂಗಿಗೆ ಹೋಗಬೇಕು. ಡಾಕ್ಟರು ಮೊಂಡ ಸೂಜಿಯಿಂದ ಕೆಳಗಿನ ತೂತಿಗೆ ಉಪ್ಪುನೀರು ಬಿಟ್ಟು, "ಗಂಟಲಿಗೆ ಉಪ್ಪು ಬಂತೇ?" ಎಂದು ಮರಾಠಿಯಲ್ಲಿ ಕೇಳಿದರು. ಬರಲಿಲ್ಲ. ಕೆಳಗೆ ಬಿಟ್ಟ ನೀರು ಮೇಲಿನ ತೂತಿನಿಂದ ಚಿಮ್ಮಿ ಕೆನ್ನೆಗೆ ಇಳಿಯಿತು. "ನಳಿಗೆ ಪೂರ್ತಿ ಕಟ್ಟಿದೆ. ನೀರಿಗೆ ಹೋಗಲು ದಾರಿಯಿಲ್ಲ, ಅದಕ್ಕೇ ಹೊರಗೆ ಬರುತ್ತದೆ" ಎಂದರು.

ಅತ್ತೆ ಕುರ್ಚಿಯಿಂದ ಎದ್ದೇ ಬಿಟ್ಟರು. "ಕೇಳಿದಿ? ನಳಿಗಿ ಕಟ್ಟೇದ! ನಾ ಏನೂ ಮಾಡಿಲ್ಲ!" ಡಾಕ್ಟರಿಗೆ ಕನ್ನಡ ತಿಳಿಯದಿದ್ದರೂ, ರೋಗ ಕೇಳಿ ಇಷ್ಟು ಸಂತೋಷಪಟ್ಟ ಸಂಬಂಧಿಕರನ್ನು ಅವರು ಮೊದಲು ಕಂಡಿರಲಿಕ್ಕಿಲ್ಲ.

ಸಂತೋಷ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮೊದಲೆಲ್ಲ ಮೂಗಿನ ಪಕ್ಕ ಚರ್ಮ ಕೊಯ್ದು ಮಾಡುತ್ತಿದ್ದ ಆಪರೇಷನ್ನನ್ನು ಈಗ ಮೂಗಿನೊಳಗಿಂದಲೇ, ದುರ್ಬೀನು ಹಾಕಿ ಮಾಡಬಹುದು ಎಂದು ಡಾಕ್ಟರು ವಿವರಿಸಿದರು. ಚೀಲಕ್ಕೂ ಮೂಗಿಗೂ ನಡುವಿನ ಎಲುಬು ಸ್ವಲ್ಪ ತೆಗೆದು ಹೊಸ ದಾರಿ ಮಾಡುವುದು. ಆ ದಾರಿ ಮತ್ತೆ ಮುಚ್ಚಿಕೊಳ್ಳದಂತೆ ಸಿಲಿಕೋನಿನ ಒಂದು ಎಳೆಯಂಥ ನಳಿ, ಅವರ ಮಾತಿನಲ್ಲಿ ಸ್ಟೆಂಟ್, ಎರಡೂ ತೂತುಗಳಿಂದ ಇಳಿಬಿಟ್ಟು ಮೂಗಿನೊಳಗೆ ಗಂಟು ಹಾಕುವುದು. ಗಾಯ ಮಾಗಿದ ಮೇಲೆ ಅದನ್ನು ತೆಗೆಯುವುದು. "ಮುಖದ ಮೇಲೆ ಒಂದು ಗೀರೂ ಇರುವುದಿಲ್ಲ. ಆಪರೇಷನ್ ಆಗಿದೆ ಅಂತ ಯಾರಿಗೂ ಗೊತ್ತೇ ಆಗುವುದಿಲ್ಲ" ಎಂದು ಡಾಕ್ಟರು ಹೆಮ್ಮೆಯಿಂದ ಹೇಳಿದರು.

ಅತ್ತೆಯ ಮುಖ ಇಳಿಯಿತು. "ಯಾರಿಗೂ ಗೊತ್ತಾಗೂದಿಲ್ಲಂದ್ರ ಏನ್ ಉಪಯೋಗ್ರೀ?" ಎಂದವರು, ನನ್ನ ಕಡೆ ತಿರುಗಿ, "ಹೊರಗಿಂದ ಕೊಯ್ಯಂತ ಹೇಳ. ಒಂದು ಸಣ್ಣ ಗಾಯ ಕಾಣ್ಲಿ. ನಿನಗೇನ್ ಈಗ ಹೆಣ್ಣು ನೋಡ್ಲಿಕ್ಕೆ ಬರವರು ಅದಾರೇನು?" ಎಂದರು. ನಾನು ಅದನ್ನು ಅನುವಾದಿಸಲಿಲ್ಲ. "ಅತ್ತೆಯವರು ಒಪ್ಪಿದ್ದಾರೆ" ಎಂದು ಡಾಕ್ಟರಿಗೆ ಹೇಳಿದೆ.

ದೀಪಾವಳಿ ಕಳೆದ ಮೇಲೆ ಆಪರೇಷನ್ ಆಯಿತು. ಮೂಗಿಗೆ ಹತ್ತಿ ತುರುಕಿಕೊಂಡು ರಿಕ್ಷಾದಿಂದ ಇಳಿದಾಗ ನಾನು ಇನ್ನೂ ಕನ್ನಡಿ ನೋಡಿಕೊಂಡಿರಲಿಲ್ಲ. ಗೀರು ಇರಲಿಲ್ಲ, ನಿಜ. ಆದರೆ ಎಡಗಣ್ಣಿನ ಕೆಳಗೆ ಬದನೆಕಾಯಿ ಬಣ್ಣದಲ್ಲಿ ಕಪ್ಪುಗಟ್ಟಿತ್ತು. ಕೆಲವರಿಗೆ ಹಾಗಾಗುತ್ತದೆ, ತಾನಾಗಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಸೊಸೈಟಿಗೆ ಯಾರೂ ಹೇಳಿರಲಿಲ್ಲ. ಗೇಟಿನಲ್ಲಿ ಕಾಯಿಪಲ್ಲೆ ಆರಿಸುತ್ತಿದ್ದ ಹೆಂಗಸರೆಲ್ಲ ಒಮ್ಮೆಗೇ ತಲೆಯೆತ್ತಿದರು. ನನ್ನ ರಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ನಡೆಯುತ್ತಿದ್ದವರು ಅತ್ತೆ. ಎದುರು ಮನೆಯ ಕಾಕು ಆ ಸಂಜೆಯೇ ಬಂದು, ಅತ್ತೆ ಬಚ್ಚಲಿಗೆ ಹೋದದ್ದು ನೋಡಿ, "ಮಗನ ಕೈಲಿ ಹೊಡೆಸಿದರೋ, ತಾವೇ ಹೊಡೆದರೋ?" ಎಂದು ಕೇಳಿದಳು. ನಗಬಾರದೆಂದು ಡಾಕ್ಟರು ಹೇಳಿರಲಿಲ್ಲ, ಆದರೂ ನಕ್ಕರೆ ಮೂಗು ನೋಯುತ್ತಿತ್ತು.

ಮೂಗು ಸೀಟಬಾರದು, ಕಣ್ಣು ತಿಕ್ಕಬಾರದು, ಸೀನು ಬಂದರೆ ತಡೆಹಿಡಿಯದೆ ಬಾಯಿ ತೆರೆದು ಸೀನಬೇಕು, ನಳಿ ಹೊರಗೆ ಬಂದರೆ ಎಳೆಯಬಾರದು, ಕತ್ತರಿಸಬಾರದು, ಅದನ್ನು ಅಂಟುಪಟ್ಟಿಯಿಂದ ಕೆನ್ನೆಗೆ ಹಚ್ಚಿಕೊಂಡು ಆಸ್ಪತ್ರೆಗೆ ಬರಬೇಕು. ಈ ನಿಯಮಗಳನ್ನೆಲ್ಲ ಅತ್ತೆ ಅಭಂಗದಂತೆ ಬಾಯಿಪಾಠ ಮಾಡಿದರು. ನಾನು ಕಣ್ಣಿನ ಹತ್ತಿರ ಕೈ ಒಯ್ದರೆ ಅಡಿಗೆಮನೆಯಿಂದಲೇ "ಹಾಂ!" ಎಂಬ ಗುಡುಗು. ಕೆಳಗಿನವರು ಅದನ್ನೂ ಕೇಳಿಸಿಕೊಳ್ಳುತ್ತಿದ್ದರು.

ಕಪ್ಪು ಕರಗಿತು, ನೀರು ನಿಂತಿತು. ಆದರೆ ಹೆಸರು ಮರಳಿ ಬರಲಿಲ್ಲ. ಹೊಡೆತದ ಹೆದರಿಕೆಗೆ ಹುಡುಗಿ ಅಳುವುದನ್ನೂ ಬಿಟ್ಟಿದ್ದಾಳೆ ಎಂದು ಸೊಸೈಟಿ ತೀರ್ಮಾನಿಸಿತ್ತು. ಆಗ ಅತ್ತೆಗೆ ಸಂಕ್ರಾಂತಿಯ ಅರಿಶಿನ ಕುಂಕುಮ ಹೊಳೆಯಿತು.

"ಎಲ್ಲಾರ್ನೂ ಕರಿ. ಒಬ್ಬಾಕಿನ್ನೂ ಬಿಡಬ್ಯಾಡ" ಎಂದರು. ಅವರ ಹಂಚಿಕೆ ಸರಳವಾಗಿತ್ತು. ಕರೆದ ಮನೆಯಾಕೆ ಬಂದವರಿಗೆ ಕುಂಕುಮ ಹಚ್ಚಿದರೆ, ಬಂದವರು ತಿರುಗಿ ಅವಳಿಗೆ ಹಚ್ಚಲೇಬೇಕು. ಹಚ್ಚುವವರು ಹಣೆ ನೋಡಲೇಬೇಕು. ಹಣೆಯ ಕೆಳಗೇ ಕಣ್ಣು. ಕಣ್ಣಿನ ಮೂಲೆಯಲ್ಲಿ, ಮೇಲಿನ ತೂತಿನಿಂದ ಕೆಳಗಿನ ತೂತಿಗೆ ಹಾಯ್ದ ನಳಿಯ ಎಳೆ. ನನ್ನನ್ನು ಕಿಟಕಿಯ ಬೆಳಕಿಗೆ ಮುಖವಾಗಿ ಕೂಡಿಸಿದರು. ತಾವು ಮಾತ್ರ ಹೊರಗೆ ಬರಲಿಲ್ಲ. ಮಾವ ಹೋದಂದಿನಿಂದ ಅರಿಶಿನ ಕುಂಕುಮದ ನಡುವೆ ಅವರು ಕಾಲಿಡುತ್ತಿರಲಿಲ್ಲ. ಅಂಥಾ ಕಟ್ಟಳೆ ಏನೂ ಬ್ಯಾಡ್ರಿ ಎಂದು ನಾನು ಹೇಳಿದರೂ ಕೇಳುತ್ತಿರಲಿಲ್ಲ. ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತರು.

ಹೆಂಗಸರು ಬಂದರು. ಎಳ್ಳುಬೆಲ್ಲ ತಿಂದರು, ಅತ್ತರು ಹಚ್ಚಿಸಿಕೊಂಡರು, ನನ್ನ ಹಣೆಗೆ ಕುಂಕುಮವಿಟ್ಟರು. "ಇಲ್ಲಿ ನೋಡಿ, ನಳಿ" ಎಂದು ನಾನು ತೋರಿಸಿದರೆ ಕತ್ತು ವಾರೆ ಮಾಡಿ ನೋಡಿ, "ಏನೂ ಕಾಣುವುದಿಲ್ಲವಲ್ಲ" ಎಂದರು. ಅಷ್ಟು ತೆಳ್ಳಗಿನ, ಅಷ್ಟು ತಿಳಿಯಾದ ಎಳೆ ಅದು. ಡಾಕ್ಟರು ತಮ್ಮ ಕೆಲಸವನ್ನು ಬಹಳ ಚೆನ್ನಾಗಿ ಮಾಡಿದ್ದರು. ಬಾಗಿಲ ಮರೆಯಿಂದ ಅತ್ತೆಯ ನಿಟ್ಟುಸಿರು ಕೇಳುತ್ತಿತ್ತು.

ಕೊನೆಗೆ ಭಜನೆಯ ಮನೆಯ ಅಜ್ಜಿ ಬಂದಳು. ಆಕೆಯದು ಧಾರಾಳ ಕೈ. ಚಿಟಿಕೆ ಎತ್ತದೆ ಹಿಡಿಯನ್ನೇ ಎತ್ತಿದಳು. ಕುಂಕುಮ ಹಣೆಯಿಂದ ಉದುರಿ ಮೂಗಿನ ಮೇಲೆ ಬಿತ್ತು. ನನಗೆ ಸೀನು ಬಂತು.

ಬಾಯಿ ತೆರೆದು ಸೀನಬೇಕೆಂಬುದು ನನಗೆ ಚೆನ್ನಾಗಿ ನೆನಪಿತ್ತು. ಆದರೆ ಮುತ್ತೈದೆಯೊಬ್ಬಳು ಹಣೆಗೆ ಕುಂಕುಮವಿಡುವ ಗಳಿಗೆಯಲ್ಲಿ, ಆಕೆಯ ಮುಖಕ್ಕೇ, ಒಂಟಿ ಸೀನು ಸೀನುವುದೇ? ಅದರಂಥ ಅಪಶಕುನ ಇನ್ನೊಂದಿಲ್ಲ. ಅತ್ತೆಯ ಹೆಸರಿಗೆ ಅದೊಂದು ಬಾಕಿಯಿತ್ತು. ನಾನು ಬಾಯಿ ಮುಚ್ಚಿ, ಎರಡು ಬೆರಳಿನಿಂದ ಮೂಗು ಹಿಡಿದು, ಸೀನನ್ನು ಒಳಗೇ ನುಂಗಿದೆ. ಕಣ್ಣಿನ ಮೂಲೆಯಲ್ಲಿ ಏನೋ ಸರಕ್ಕೆಂದಿತು. ನಳಿಯ ಕುಣಿಕೆ ಹೊರಗೆ ಜಾರಿ ಕೆನ್ನೆಯ ಮೇಲೆ ಜೋತು ಬಿತ್ತು.

ಅಜ್ಜಿ ಚೀರಿದಳು. ಎದುರು ಮನೆಯ ಕಾಕು, "ಅಯ್ಯೋ, ಏನೋ ದಾರ ಸಿಕ್ಕಿಕೊಂಡಿದೆ" ಎಂದು ಎಳೆಯಲು ಕೈ ಚಾಚಿದಳು.

"ಮುಟ್ಟಬ್ಯಾಡ್ರಿ! ಯಾರೂ ಮುಟ್ಟಬ್ಯಾಡ್ರಿ!"

ಅತ್ತೆ ಅಡಿಗೆಮನೆಯ ಬಾಗಿಲು ದಾಟಿ, ಅರಿಶಿನ ಕುಂಕುಮದ ತಟ್ಟೆಗಳ ನಡುವೆ ನುಗ್ಗಿ, ಕಾಕುವಿನ ಕೈಯನ್ನು ಪಟ್ಟನೆ ಹೊಡೆದು ಸರಿಸಿದರು. ಕನ್ನಡದಲ್ಲೇ ಕೂಗಿದರು, ಆದರೆ ಎಲ್ಲರಿಗೂ ತಿಳಿಯಿತು. ನನ್ನ ಗದ್ದ ಹಿಡಿದೆತ್ತಿದರು. "ಹೆದರಬ್ಯಾಡ. ಕಣ್ಣು ತಿಕ್ಕಬ್ಯಾಡ. ಏನಾಗಂಗಿಲ್ಲ, ನಾ ಇದ್ದೀನಿ." ಸೊಂಟದಲ್ಲಿ ಮೊದಲೇ ಸಿಕ್ಕಿಸಿಕೊಂಡಿದ್ದ ಪಟ್ಟಿ ತೆಗೆದು ಕುಣಿಕೆಯನ್ನು ಕೆನ್ನೆಗೆ ಅಂಟಿಸಿದರು. ಅಷ್ಟು ದಿನದಿಂದ ಅವರು ಪಟ್ಟಿಯನ್ನು ಸೊಂಟದಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ನನಗೆ ಆ ಗಳಿಗೆಯಲ್ಲಿ ಅವರ ಮೇಲೆ ಬಹಳ ಪ್ರೀತಿ ಬಂತು. ಹೇಳಲು ಆಗಲಿಲ್ಲ, ಮುಖ ಅಲುಗಿಸಬೇಡ ಎಂದು ಅವರೇ ಗದರಿಸಿದರು.

ಆಮೇಲೆ ಅವರು ಹೆಂಗಸರ ಕಡೆ ತಿರುಗಿದರು. ನನ್ನ ಗದ್ದವನ್ನು ಅವರ ಕಡೆಗೆ ತಿರುಗಿಸಿ ಹಿಡಿದರು. ಕೆನ್ನೆಯ ಮೇಲೆ ಬಿಳಿ ಪಟ್ಟಿ, ಪಟ್ಟಿಯ ಕೆಳಗಿನಿಂದ ಕಣ್ಣಿನೊಳಗೆ ಹೋದ ನಳಿ. ಅಷ್ಟೂ ಜನ ನೋಡಿದರು. ಅತ್ತೆ ಬಯಸಿದ್ದ ಗುರುತು ಕಡೆಗೂ ನನ್ನ ಮುಖದ ಮೇಲೆ ಬಂದಿತ್ತು.

ಡಾಕ್ಟರು ದುರ್ಬೀನು ಹಾಕಿ ಮೂಗಿನೊಳಗಿಂದ ಗಂಟನ್ನು ಮೆಲ್ಲಗೆ ಕೆಳಗೆ ಜಗ್ಗಿ ನಳಿಯನ್ನು ಅದರ ಜಾಗಕ್ಕೆ ಕೂಡಿಸಿದರು. ಸೀನು ತಡೆದದ್ದಕ್ಕೆ ನನಗೆ ಬೈದರು. ಅತ್ತೆ ಅವರಿಗೆ ಕೈ ಮುಗಿದು, "ಹೊರಗ ಬಂದದ್ದು ಭಾಳ ಛಲೋ ಆತ್ರಿ" ಎಂದರು. ಮುಂದಿನ ಗುರುವಾರ ಭಜನೆಯ ಅಜ್ಜಿಯೇ ಮೇಲೆ ಬಂದು ಕರೆದಳು. ತಾಳ ಅತ್ತೆಯ ಕೈಗೆ ಮರಳಿತು.

ನಳಿ ತೆಗೆದ ದಿನ ಡಾಕ್ಟರು ಮತ್ತೆ ಉಪ್ಪುನೀರು ಬಿಟ್ಟರು. ಈ ಸಲ ಗಂಟಲಿಗೆ ಉಪ್ಪು ಬಂತು. "ದಾರಿ ತೆರೆದಿದೆ" ಎಂದರು. ಅತ್ತೆ ಆ ನಳಿಯನ್ನು ಕೇಳಿ ಪಡೆದು, ತೊಳೆದು, ಕ್ಯಾಮೆರಾ ರೀಲಿನ ಖಾಲಿ ಡಬ್ಬಿಯಲ್ಲಿ ಹಾಕಿ ದೇವರ ಗೂಡಿನಲ್ಲಿಟ್ಟರು. ಮನೆಗೆ ಯಾರು ಬಂದರೂ, ಚಹಾದ ಮೊದಲು, ಡಬ್ಬಿ ತೆರೆದು ತೋರಿಸುತ್ತಿದ್ದರು. ಸೊಸೈಟಿಯಲ್ಲಿ ಯಾರ ಕಣ್ಣು ಕೆಂಪಾದರೂ ಮೊದಲು ನಮ್ಮ ಬಾಗಿಲು ಬಡಿಯತೊಡಗಿದರು. ಎದುರು ಮನೆಯ ಕಾಕು ಒಮ್ಮೆ ತನ್ನ ಸೊಸೆಯ ಮೇಲಿನ ಸಿಟ್ಟಿಗೆ ಅಳುತ್ತ ಬಂದಾಗ ಅತ್ತೆ ಆಕೆಯ ಕಣ್ಣಿನ ಮೂಲೆ ಒತ್ತಿ ನೋಡಿ, "ನಳಿಗಿ ಇರಬೇಕು" ಎಂದು ಕಳಿಸಿದರು.

ಹೀಗೆ ಕೆಲವು ವರ್ಷ ಕಳೆದವು. ಇಂದಾಪುರದ ಕಡೆ ಸಕ್ಕರೆ ಕಾರ್ಖಾನೆಯಲ್ಲಿದ್ದ ನನ್ನ ಮೈದುನನಿಗೆ ಅವಳಿ ಮಕ್ಕಳಾದವು. ಅವನ ಹೆಂಡತಿಯ ಕಡೆ ಹಿರಿಯರು ಯಾರೂ ಇರಲಿಲ್ಲ. ಅತ್ತೆ, "ಇನ್ನ ನಾ ಅಲ್ಲೇ ಇರ್ತೀನಿ. ಇಲ್ಲಿ ನನ್ನ ಕೆಲಸ ಮುಗೀತು" ಎಂದು ಟ್ರಂಕು ಕಟ್ಟಿದರು. ಹೊರಡುವ ಹಿಂದಿನ ದಿನವೂ ರೊಟ್ಟಿಯ ದಪ್ಪದ ಮೇಲೆ ಜಗಳವಾಡಿದೆವು. ಇನ್ನು ಹಗ್ಗದ ಬಿಸಿಲಿನ ತುದಿ ಪೂರ್ತಿ ನನ್ನದೇ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ.

ಬಸ್ ನಿಲ್ದಾಣಕ್ಕೆ ಹೋಗುವ ರಿಕ್ಷಾ ಗೇಟಿಗೆ ಬಂತು. ನಮ್ಮ ಮನೆಯವರು ಟ್ರಂಕು ಏರಿಸಿದರು. ಭಜನೆಯ ಹೆಂಗಸರೆಲ್ಲ ಕೆಳಗಿಳಿದು ಬಂದಿದ್ದರು. ನಾನು ನೀರಿನ ಬಾಟಲಿ, ರೊಟ್ಟಿಯ ಗಂಟು ಒಳಗಿಡಲು ಬಗ್ಗಿದೆ. ಅತ್ತೆ ಗಂಟನ್ನು ಬೆರಳಿನಿಂದ ಒತ್ತಿ ನೋಡಿ, "ಇವತ್ತ ತೆಳ್ಳಗ ಬಡದೀ" ಎಂದರು.

ಅಷ್ಟೇ ಅಂದದ್ದು. ನನ್ನ ಕಣ್ಣಲ್ಲಿ ನೀರು ಬಂತು. ಎಡಗಣ್ಣಿನಲ್ಲಿ ಬಂತು, ಬಲಗಣ್ಣಿನಲ್ಲಿ ಬಂತು, ನಿಲ್ಲಿಸಲು ನೋಡಿದಷ್ಟೂ ಬಂತು. ಹೆಂಗಸರೆಲ್ಲ ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು. ಅತ್ತೆ ಅವರ ಕಡೆ ಕತ್ತು ಹೊರಚಾಚಿ, ತಮ್ಮ ವಿಜಾಪುರದ ಮರಾಠಿಯಲ್ಲಿ ಜೋರಾಗಿ ಸಾರಿದರು: "ಏನಿಲ್ಲ, ಏನಿಲ್ಲ. ನಳಿಗೆ ಮತ್ತೆ ಕಟ್ಟಿದೆ. ಈಗ ಎರಡೂ ಕಟ್ಟಿವೆ." ಹೆಂಗಸರು ಪಾಪ ಎಂದು ತಲೆದೂಗಿದರು. ಈಗ ಅವರು ಅತ್ತೆಯ ಯಾವ ಮಾತನ್ನೂ ಅನುಮಾನಿಸುತ್ತಿರಲಿಲ್ಲ.

ಆಮೇಲೆ ಅತ್ತೆ ಕೈಚೀಲದೊಳಗೆ ಕೈ ಹಾಕಿ ಬಹಳ ಹೊತ್ತು ಹುಡುಕಿದರು. ಇಂದಾಪುರದ ನೆರೆಹೊರೆಗೆ ತೋರಿಸಲೆಂದು ಎಲ್ಲಕ್ಕಿಂತ ಮೊದಲು ಕಟ್ಟಿಟ್ಟುಕೊಂಡಿದ್ದ ರೀಲಿನ ಡಬ್ಬಿಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಿಸಿದರು. ನನ್ನ ಮುಖ ನೋಡಲಿಲ್ಲ.

"ನಾಳೆ ಡಾಕ್ಟರ ಕಡೆ ಹೋಗು. ಇದನ್ನ ಮತ್ತ ಹಾಕಂತ ಹೇಳು. ತೊಳದ ಇಟ್ಟೀನಿ."

"ಹೂಂ ರೀ ಅತ್ತಿಯವರ" ಎಂದೆ. ಗಂಟಲಿನಲ್ಲಿ ಉಪ್ಪು ತುಂಬಿಕೊಂಡಿತ್ತು.